ಬಾಗಿಲ ಮೇಲಿನ ಮೂರು ಗೀಟು

ಮೊನ್ನೆ ಏಪ್ರಿಲ್‌ನಲ್ಲಿ ಸಹಕಾರನಗರದ ಒಂದು ಮನೆಗೆ ಟೈಲ್ಸ್ ಅಳತೆ ತೆಗೆದುಕೊಳ್ಳಲು ಹೋಗಿದ್ದೆ. ಆರ್.ಟಿ. ನಗರದ ಟೈಲ್ಸ್ ಅಂಗಡಿಯಲ್ಲಿ ನನ್ನ ಕೆಲಸವೇ ಅದು. ಆ ಮನೆಯವರು ತಾರಸಿಯ ಮೇಲೆ ಒಂದು ರೆಡಿಮೇಡ್ ರೂಮು ತರಿಸಿ ಕೂರಿಸಿದ್ದರು. "ಇದರ ನೆಲಕ್ಕೆ ಏನ್ ಹಾಕ್ಬಹುದು, ಸ್ವಲ್ಪ ನೋಡಿ" ಎನ್ನುತ್ತ ಬಾಗಿಲು ತೆಗೆದರು. ಬಿಸಿಲಿಗೆ ಕಾದ ತಗಡು, ಅಂಟು, ಥರ್ಮಾಕೋಲು, ಹೊಸ ಪ್ಲೈವುಡ್ಡು, ಎಲ್ಲದರ ವಾಸನೆ ಒಟ್ಟಿಗೆ ಮುಖಕ್ಕೆ ಬಡಿಯಿತು. ನಾನು ಹೊಸ್ತಿಲಲ್ಲೇ ನಿಂತು, "ಒಳಗೆ ಯಾರಿದ್ದೀರಾ?" ಎಂದು ಗಟ್ಟಿಯಾಗಿ ಕೂಗಿಬಿಟ್ಟೆ. ಹತ್ತಡಿ ಉದ್ದದ ಖಾಲಿ ರೂಮು, ಒಳಗೆ ಒಂದು ಕುರ್ಚಿ ಕೂಡ ಇರಲಿಲ್ಲ. ಮನೆಯವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಏನೋ ತಮಾಷೆ ಮಾಡಿ ನಕ್ಕು ಟೇಪು ಬಿಚ್ಚಿದೆ. ಅಳತೆಯನ್ನು ಎರಡು ಸಲ ತಪ್ಪಾಗಿ ಬರೆದುಕೊಂಡೆ.

ಇದು ಏಳು ವರ್ಷದ ಹಿಂದಿನ ಒಂದು ಬೇಸಿಗೆಯಿಂದ ಅಂಟಿಕೊಂಡ ರೋಗ. ಆಗ ನಾನು ಯಲಹಂಕದಾಚೆ, ಪುಟ್ಟೇನಹಳ್ಳಿ ಕೆರೆಯ ಹಿಂಬದಿಯ ಒಂದು ಯಾರ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಅಲ್ಲಿ ನಾವು ಮನೆ ಕಟ್ಟುತ್ತಿದ್ದೆವು. ಆದರೆ ಅವು ಅಲ್ಲೇ ಇರುವ ಮನೆಗಳಲ್ಲ. ಕಬ್ಬಿಣದ ಚೌಕಟ್ಟಿಗೆ ತಗಡು, ಥರ್ಮಾಕೋಲಿನ ಹಲಗೆ ಜೋಡಿಸಿ, ವೈರಿಂಗು, ನಲ್ಲಿ, ಕಿಟಕಿಗೆ ಪರದೆಯ ಕಂಬಿ ಸಮೇತ ಸಿದ್ಧ ಮಾಡಿ, ಕ್ರೇನಿನಲ್ಲಿ ಎತ್ತಿ ಟ್ರೈಲರ್ ಮೇಲೆ ಕೂರಿಸಿ, ಸೈಟಿಗೆ ಒಯ್ದು ಇಳಿಸುತ್ತಿದ್ದೆವು. ವಿಮಾನ ನಿಲ್ದಾಣದ ರಸ್ತೆಯುದ್ದಕ್ಕೂ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ ಅದು. ಎಲ್ಲಿ ನೋಡಿದರೂ ಲೇಔಟು, ಎಲ್ಲಿ ನೋಡಿದರೂ ಬೋರ್ಡು. ಹೊಸ ಲೇಔಟಿನವರಿಗೆಲ್ಲ ಮಾದರಿ ಮನೆ ಬೇಕು, ಅದೂ ನಾಳೆಯೇ ಬೇಕು. ಇಡೀ ಮನೆ ರಸ್ತೆಯಲ್ಲಿ ಹಿಡಿಸುವುದಿಲ್ಲವಾದ್ದರಿಂದ ಅದನ್ನು ಎರಡು ಹೋಳು ಮಾಡಿ ಕಳಿಸುತ್ತಿದ್ದೆವು. ಒಂದು ಅಡುಗೆಮನೆಯ ಅರ್ಧ, ಇನ್ನೊಂದು ಮಲಗುವ ಕೋಣೆಯ ಅರ್ಧ. ಸೀಳಿದ ಕಡೆ ಪ್ಲೈವುಡ್ ಹೊಡೆದು ಟಾರ್ಪಾಲು ಬಿಗಿಯುತ್ತಿದ್ದೆವು. ಬೆಳಗಿನ ಗಿಜಿಗಿಜಿ ಮುಗಿದು ಸಂಜೆಯದು ಶುರುವಾಗುವುದರೊಳಗೆ ಸೈಟು ಮುಟ್ಟಬೇಕು. ಇಲ್ಲದಿದ್ದರೆ ಟ್ರಾಫಿಕ್ ಪೊಲೀಸರು ಮನೆಯನ್ನು ರಸ್ತೆ ಬದಿಗೆ ಹಾಕಿಸಿ ನಿಲ್ಲಿಸಿಬಿಡುತ್ತಿದ್ದರು.

ಸಿದ್ಧವಾದ ಮನೆಗೆ ಕೊನೆಯದಾಗಿ ಕೈ ಹಚ್ಚುತ್ತಿದ್ದವಳು ಅಕ್ಕಯ್ಯಮ್ಮ. ಪುಟ್ಟೇನಹಳ್ಳಿಯ ಹಳೆಯ ಕಾಲದ ಒಕ್ಕಲು. ಐವತ್ತೈದರ ಹತ್ತಿರದ ವಯಸ್ಸು, ಗಟ್ಟಿ ಜೀವ. ಗಂಡ ಪಿಳ್ಳಪ್ಪ ಕಾಲುನೋವೆಂದು ಮನೆ ಹಿಡಿದು ಕೂತಿದ್ದ. ಮಗ ಆಟೋ ಓಡಿಸುತ್ತಿದ್ದ. ಮನೆಯಲ್ಲಿ ಸೊಸೆ ಮಂಜುಳಾ. ಅಕ್ಕಯ್ಯಮ್ಮ ಬಕೀಟು, ಸೀಮೆಎಣ್ಣೆ ಬಟ್ಟೆ ಹಿಡಿದು ಒಳಗೆ ಹೊಕ್ಕರೆ ಟೈಲ್ಸಿನ ಮೇಲಿನ ಅಂಟಿನ ಕಲೆ ಒಂದೂ ಉಳಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಎಡಗಿವಿ ಹೋಗಿತ್ತು. ಬಲಗಿವಿ ಮಾತ್ರ ಭಲೇ ಚುರುಕು. ಮಾತಾಡುವಾಗ ಬಲಗೆನ್ನೆಯನ್ನು ನಮ್ಮ ಕಡೆ ತಿರುಗಿಸುತ್ತಿದ್ದಳು. ಹುಡುಗರು ಬೇಕೆಂದೇ ಎಡಗಡೆ ನಿಂತು ಏನಾದರೂ ಅಂದರೆ, "ಆ ಕಡೆ ಅಂಗಡಿ ಮುಚ್ಚೈತೆ, ಈ ಕಡೆ ಬಾರೋ" ಎನ್ನುತ್ತಿದ್ದಳು.

ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಹಿಂದೊಮ್ಮೆ ಒಬ್ಬ ಪೇಂಟರ್ ಊಟ ಮಾಡಿ ತಂಪಾಗಿದೆಯೆಂದು ಒಳಗೇ ಮಲಗಿ, ಮನೆ ಆಕಾಶಕ್ಕೆ ಎದ್ದ ಮೇಲೆ ಕಿಟಕಿಯಲ್ಲಿ ಕಿರುಚಿದ್ದನಂತೆ. ಅಂದಿನಿಂದ, ಕ್ರೇನಿನ ಕೊಕ್ಕೆ ಹಾಕುವ ಮೊದಲು ಸೂಪರ್‌ವೈಸರ್ ಒಳಗೆ ಹೋಗಿ, ಪ್ರತಿ ಕೋಣೆಯಲ್ಲೂ ನಿಂತು, "ಮನೆ ಹೊರಡ್ತೈತೆ, ಯಾರಿದ್ದೀರಾ?" ಎಂದು ಮೂರು ಸಲ ಕೂಗಬೇಕು. ಒಂದೊಂದು ಕೂಗಿಗೂ ಮುಂಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಗೀಟು. ಮೂರು ಗೀಟು ಕಂಡ ಮೇಲೆಯೇ ಬಡಗಿ ಒಳಗಿನ ಬಾಗಿಲುಗಳು ದಾರಿಯಲ್ಲಿ ಬಡಿದಾಡದಂತೆ ಮರದ ಪಟ್ಟಿ ಹೊಡೆಯುತ್ತಿದ್ದ. ಮೂರು ಗೀಟು ಕಂಡ ಮೇಲೆಯೇ ಕ್ರೇನಿನವನು ಕೈ ಎತ್ತುತ್ತಿದ್ದ. ಆ ಗೀಟುಗಳ ಮೇಲೆ ಎಲ್ಲರಿಗೂ ದೇವರಷ್ಟು ನಂಬಿಕೆ. ನಾನು ಕೂಗಿದಾಗ ಅಕ್ಕಯ್ಯಮ್ಮ ಒಳಗಿದ್ದರೆ ಮೊದಲ ಕೂಗಿಗೇ, "ಇವ್ನಿ ಕಣಪ್ಪ ಇವ್ನಿ, ನನ್ ಬಿಟ್ಟು ಎಲ್ಲೋದೀರಾ?" ಎಂದು ಸೆರಗು ಕೊಡವುತ್ತ ಬರುತ್ತಿದ್ದಳು. ಅವಳು ಉತ್ತರ ಕೊಡದೇ ಹೋದದ್ದು ಒಂದು ದಿನವೂ ಇಲ್ಲ. ಇದನ್ನು ನಾನು ಒತ್ತಿ ಹೇಳಲೇಬೇಕು.

ಆ ದಿನ ಬ್ಯಾಟರಾಯನಪುರದ ಹತ್ತಿರದ ಒಂದು ಸೈಟಿಗೆ ಮನೆ ಹೊರಡಬೇಕಿತ್ತು. ಮನೆ ಕೊಂಡವರ ಕಡೆಯ ಇಂಜಿನಿಯರುಗಳು ಬೆಳಿಗ್ಗೆಯೇ ಬಂದು ಕೂತಿದ್ದರು. ಇಸ್ತ್ರಿ ಮುರಿಯದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಅಡುಗೆಮನೆಯ ಅರ್ಧದಲ್ಲಿ ನಾನು ಎಂದಿನಂತೆ ಕೂಗಿ ಹೊರಬಂದಾಗ ಅವರಲ್ಲೊಬ್ಬ ನಗುತ್ತ, "ಏನ್ ಗುರು, ದೆವ್ವ ಓಡಿಸ್ತಾ ಇದೀರಾ?" ಎಂದ. ಉಳಿದವರು ನಕ್ಕರು. ನಾನೂ ನಕ್ಕೆ, ಆದರೆ ಕಿವಿಯವರೆಗೆ ಬಿಸಿಯಾಯಿತು. ಇಪ್ಪತ್ತೆಂಟರ ವಯಸ್ಸು, ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು. ಇಂಜಿನಿಯರುಗಳ ಎದುರು ಹಳ್ಳಿ ಗಮಾರನಂತೆ ಕಾಣಿಸುವುದಕ್ಕಿಂತ ದೊಡ್ಡ ಅವಮಾನ ಆಗ ನನಗೆ ಇರಲಿಲ್ಲ. ಮಲಗುವ ಕೋಣೆಯ ಅರ್ಧಕ್ಕೆ ಹೋದೆ. ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದೆ. ಯಾರೂ ಕಾಣಲಿಲ್ಲ. ಕೂಗಲಿಲ್ಲ. ಮೂರು ಗೀಟು ಎಳೆದು ಕೈ ಒರೆಸಿಕೊಂಡೆ.

ಅಕ್ಕಯ್ಯಮ್ಮ ಆ ಕೋಣೆಗೆ ಸೇರಿದ ಬಚ್ಚಲಲ್ಲಿದ್ದಳು. ಬಾಗಿಲ ಹಿಂದಿನ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಲೆ ಉಜ್ಜುತ್ತಿದ್ದಳು. ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ಬಡಗಿ ಬಂದು ಗೀಟು ನೋಡಿ ಪಟ್ಟಿ ಹೊಡೆದ. ಯಾರ್ಡಿನಲ್ಲಿ ದಿನವಿಡೀ ಸುತ್ತಿಗೆ ಸದ್ದೇ ಆದ್ದರಿಂದ ಅವಳು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ನೆಲ ಕಾಲ ಕೆಳಗಿನಿಂದ ಎದ್ದಾಗಲೇ ಅವಳಿಗೆ ಗೊತ್ತಾಗಿದ್ದು. ಆಗ ಕ್ರೇನಿನ ಮೊರೆತದಲ್ಲಿ ಅವಳ ದನಿ ಯಾರಿಗೆ ಕೇಳಬೇಕು? ಬಚ್ಚಲ ಗವಾಕ್ಷಿಗೂ ದೂಳು ಹೋಗದಿರಲೆಂದು ಥರ್ಮಾಕೋಲು ತುರುಕಿದ್ದೆವು. ಇದನ್ನೆಲ್ಲ ನಾನು ಆಮೇಲೆ ಒಂದೊಂದಾಗಿ ಜೋಡಿಸಿಕೊಂಡೆ. ಎಷ್ಟೋ ಸಲ ಜೋಡಿಸಿಕೊಂಡಿದ್ದೇನೆ.

ಆ ಅರ್ಧವನ್ನು ಹೊತ್ತ ಟ್ರೈಲರ್ ಓಡಿಸುತ್ತಿದ್ದವನು ಯಶವಂತಪುರದ ಸೆಲ್ವಂ. ನಾನು ಬೈಕಿನಲ್ಲಿ ಮುಂದೆ, ಅವನು ಹಿಂದೆ. ರಸ್ತೆಗೆ ಇಳಿಬಿದ್ದ ತಂತಿ, ಕೊಂಬೆ ನೋಡಿ ಹೇಳುವುದು ನನ್ನ ಕೆಲಸ. ಏಪ್ರಿಲ್ ಬಿಸಿಲು. ಯಲಹಂಕದ ಒಳಗೆ ಆಮೆ ನಡಿಗೆ. ಮನೆಯೊಂದು ರಸ್ತೆಯಲ್ಲಿ ಬರುತ್ತಿದೆಯೆಂದು ಜನ ಅಂಗಡಿಯಿಂದ ಹೊರಬಂದು ನೋಡುತ್ತಿದ್ದರು. ನನಗೆ ಅದೊಂದು ಜಂಬ. ದೇವರ ಉತ್ಸವಕ್ಕೆ ಮುಂದೆ ನಡೆಯುವ ಪಾರುಪತ್ತೇಗಾರನಂತೆ ಕೈಬೀಸಿ ಆಟೋಗಳನ್ನು ಪಕ್ಕಕ್ಕೆ ಸರಿಸುತ್ತಿದ್ದೆ. ಬಳ್ಳಾರಿ ರಸ್ತೆಗೆ ಬಂದು ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಸೆಲ್ವಂ ಕಿಟಕಿಯಿಂದ ತಲೆ ಹೊರಹಾಕಿದ.

"ಸಾರ್, ಒಳಗೆ ಏನೋ ಬಡೀತಾ ಇದೆ."

ಬೈಕು ಹಿಂದಕ್ಕೆ ತಳ್ಳಿಕೊಂಡು ಹೋಗಿ ಆಲಿಸಿದೆ. ಡಬ್, ಡಬ್, ಡಬ್. ಸ್ವಲ್ಪ ಬಿಡುವು. ಮತ್ತೆ ಡಬ್, ಡಬ್.

"ತಗಡು ಸಡಿಲ ಆಗಿರ್ಬೇಕು," ಎಂದೆ.

"ಗಾಡಿ ನಿಂತಿದೆ ಸಾರ್. ನಿಂತಾಗ ತಗಡು ಯಾಕೆ ಬಡಿಯುತ್ತೆ?"

"ಬಿಸಿಲಿಗೆ ಹಿಗ್ಗುತ್ತೆ ಕಣೋ. ಟೈಮ್ ಆಗ್ತಿದೆ, ನಡಿ ಮಚ್ಚಾ."

ಹೇಳಿದೆ, ಅಷ್ಟೇ ಅಲ್ಲ, ಸದ್ದು ಬರುತ್ತಿದ್ದ ಜಾಗಕ್ಕೆ ಸರಿಯಾಗಿ ಇನ್ನೊಂದು ಹಗ್ಗ ಹಾಕಿಸಿ ಬಿಗಿಸಿದೆ. ನನ್ನ ಕೈಯಿಂದಲೇ ಗಂಟು ಹಾಕಿದೆ. ಆಗ ನನ್ನ ಅಂಗೈಗೂ ಅವಳ ಅಂಗೈಗೂ ನಡುವೆ ನಾಲ್ಕು ಬೆರಳು ದಪ್ಪದ ಗೋಡೆ ಇತ್ತು. ಸಿಗ್ನಲ್ ಬಿಟ್ಟ ಮೇಲೆ ಸದ್ದು ಕಡಿಮೆಯಾಯಿತು. ಹಗ್ಗ ಬಿಗಿದದ್ದರಿಂದ ಸರಿಹೋಯಿತೆಂದು ಸೆಲ್ವಂಗೆ ಹೆಬ್ಬೆರಳು ತೋರಿಸಿದೆ.

ಸೈಟಿನಲ್ಲಿ ಇಳಿಸಿ ಪಟ್ಟಿ ಕಿತ್ತು ಬಚ್ಚಲ ಬಾಗಿಲು ತೆಗೆದಾಗ ಹೊರಬಂದ ಬಿಸಿಗೆ ಮುಖ ಹಿಂದಕ್ಕೆ ಹೋಯಿತು. ಕಾದ ತಗಡು, ಅಂಟು, ಸೀಮೆಎಣ್ಣೆ. ಅಕ್ಕಯ್ಯಮ್ಮ ಗೋಡೆಗೊರಗಿ ಕೂತಿದ್ದಳು. ತುಟಿ ಬಿಳಚಿಕೊಂಡಿತ್ತು. ಬಲಗೈ ಮಣಿಕಟ್ಟಿನವರೆಗೆ ಊದಿತ್ತು. ನೀರಿಲ್ಲದ ನಲ್ಲಿಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಇದ್ದಳು. ಸತ್ತೇ ಹೋಗಿದ್ದಾಳೆ ಎಂದುಕೊಂಡೆ. ಸೆಲ್ವಂ ನನ್ನನ್ನು ತಳ್ಳಿ ಒಳಗೆ ನುಗ್ಗಿ ಅವಳನ್ನು ಎತ್ತಿಕೊಂಡ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿದರು. ಸಂಜೆಯ ಹೊತ್ತಿಗೆ ಎದ್ದು ಕೂತಳು, ಬ್ರೆಡ್ಡು ತಿಂದಳು. ನಾನು ಕಾರಿಡಾರಿನಲ್ಲಿ ಕಂಡ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದೆ.

ಅಷ್ಟರಲ್ಲಿ ನಮ್ಮ ಓನರ್ ಬಂದರು. ಅವಳ ಮಂಚದ ಪಕ್ಕದಲ್ಲಿಯೇ, ಅವಳ ಮಗನ ಎದುರಿಗೇ ನನ್ನನ್ನು ಕೇಳಿದರು. "ಕೂಗಿದ್ಯೇನಯ್ಯ?"

"ಕೂಗ್ದೆ ಸಾರ್. ಮೂರು ಸಲ. ಗೀಟು ನೋಡಿ ಬೇಕಾದ್ರೆ."

ಗೀಟು ಇದ್ದೇ ಇತ್ತು. ಎಲ್ಲರ ಕಣ್ಣೂ ಮೆಲ್ಲಗೆ ಅಕ್ಕಯ್ಯಮ್ಮನ ಕಿವಿಯ ಕಡೆ ತಿರುಗಿತು. ಯಾರೂ ಬೈಯಲಿಲ್ಲ, ಪಾಪ ಅಂದುಕೊಂಡರು. ಅವಳು ಮಾತ್ರ ಊದಿದ ಕೈಯನ್ನು ಕಷ್ಟಪಟ್ಟು ಎತ್ತಿ ಬಲಗಿವಿ ಮುಟ್ಟಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ಆಶ್ಚರ್ಯ.

"ಕೂಗಿದ್ಯಾ ನಾಗಪ್ಪ? ನಂಗ್ ಕೇಳ್ಲೇ ಇಲ್ವಲ್ಲ."

"ಕೂಗ್ದೆ ಅಮ್ಮ."

"ಮೂರು ಸಲಾನೂವಾ?"

"ಮೂರು ಸಲಾನೂ."

ಅವಳು ತಲೆಯಾಡಿಸಿದಳು. ನನ್ನ ಜೀವಮಾನದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಅಷ್ಟು ಸಲೀಸಾಗಿ ನಂಬಿಸಿಕೊಂಡದ್ದು ಬೇರೆ ಇಲ್ಲ.

ಅವಳನ್ನು ಕೆಲಸದಿಂದ ಬಿಡಿಸಿದರು. ಓನರ್ ಕೆಟ್ಟವರೇನಲ್ಲ, "ಕಿವಿ ಕೇಳದವರನ್ನ ಇಟ್ಕೊಂಡು ನಾಳೆ ಜೀವಕ್ಕೇನಾದ್ರೂ ಆದ್ರೆ?" ಎಂದರು. ಅದು ನ್ಯಾಯವಾದ ಮಾತು, ಕಿವಿ ನಿಜಕ್ಕೂ ಕೇಳದಿದ್ದರೆ. ಅವಳು ಕೊನೆಯ ದಿನ ತನ್ನ ಬಕೀಟು ತೊಳೆದು ಬೋರಲು ಹಾಕಿ, "ಬರ್ತೀನಿ ಕಣ್ರಪ್ಪ" ಎಂದು ಹೊರಟಳು. ನಾನು ಏನೋ ಲೆಕ್ಕ ಬರೆಯುತ್ತಿರುವವನಂತೆ ತಲೆ ತಗ್ಗಿಸಿ ಕೂತಿದ್ದೆ.

ಉಳಿದ ಬೇಸಿಗೆಯನ್ನೂ ಮಳೆಗಾಲವನ್ನೂ ಹೇಗೆ ಕಳೆದೆನೋ ನನಗೇ ಸರಿಯಾಗಿ ನೆನಪಿಲ್ಲ. ಮನೆಗಳು ಹೊರಡುತ್ತಲೇ ಇದ್ದವು. ನಾನು ಮೂರರ ಬದಲು ಆರು ಸಲ, ಎಂಟು ಸಲ ಕೂಗತೊಡಗಿದೆ. ಬಚ್ಚಲ ಬಾಗಿಲ ಹಿಂದೆ ಕೈಯಾಡಿಸಿ ನೋಡುತ್ತಿದ್ದೆ. ಆದರೂ ರಸ್ತೆಗೆ ಬಿದ್ದ ಮೇಲೆ ಸದ್ದು ಶುರುವಾಗುತ್ತಿತ್ತು. ಡಬ್, ಡಬ್, ಡಬ್. ಜೂನ್‌ನಲ್ಲೊಮ್ಮೆ ಹೆಬ್ಬಾಳದ ಹತ್ತಿರ ಸುರಿವ ಮಳೆಯಲ್ಲಿ ಟ್ರೈಲರ್ ನಿಲ್ಲಿಸಿ, ಟಾರ್ಪಾಲು ಬಿಚ್ಚಿಸಿ, ಪಟ್ಟಿ ಕೀಳಿಸಿ ಒಳಗೆಲ್ಲ ಹುಡುಕಿದೆ. ಹಿಂದೆ ಅರ್ಧ ಊರೇ ಹಾರ್ನ್ ಹೊಡೆಯುತ್ತಿತ್ತು. ಒಳಗೆ ಮಳೆಯ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಸೆಲ್ವಂ ತಾನೇ ಪಟ್ಟಿ ಮತ್ತೆ ಹೊಡೆದು, ನನ್ನ ಭುಜ ಹಿಡಿದು, "ಸಾರ್, ಅವತ್ತು ನೀವು ಕೂಗಿದ್ರಲ್ಲ, ಮತ್ಯಾಕೆ ಇಷ್ಟು ಹಿಂಸೆ?" ಎಂದ. ಅವನಿಗೆ ಅನುಮಾನ ಇತ್ತೋ ಏನೋ, ನನಗೆ ಇಂದಿಗೂ ಗೊತ್ತಿಲ್ಲ. ನಾನು ಮುಖ ಒರೆಸಿಕೊಂಡು ಬೈಕು ಹತ್ತಿದೆ.

ಗೌರಿ ಹಬ್ಬದ ಹಿಂದಿನ ದಿನ ಅಕ್ಕಯ್ಯಮ್ಮನನ್ನು ಯಲಹಂಕದ ಸಂತೆ ಬೀದಿಯಲ್ಲಿ ಕಂಡೆ. ರಸ್ತೆ ದಾಟಲು ನಿಂತಿದ್ದಳು. ಹೂವಿನ ಪೊಟ್ಟಣ ಎದೆಗೆ ಅವುಚಿಕೊಂಡು ಒಂದು ಹೆಜ್ಜೆ ಮುಂದಿಡುವುದು, ಹಿಂದಕ್ಕೆ ತೆಗೆಯುವುದು. ರಸ್ತೆ ಖಾಲಿಯಿದ್ದಾಗಲೂ ದಾಟಲಿಲ್ಲ. ಲಾರಿಯವರಿಗೇ ಬೈದು ದಾರಿ ಬಿಡಿಸಿಕೊಳ್ಳುತ್ತಿದ್ದ ಹೆಂಗಸು ಅವಳು. ಕೊನೆಗೆ ಶಾಲೆಯ ಹುಡುಗಿಯೊಬ್ಬಳ ಕೈ ಹಿಡಿದು ದಾಟಿದಳು. ನಾನು ಎದುರು ಬದಿಯಲ್ಲೇ ಇದ್ದೆ. ಕರೆದಿದ್ದರೆ ಅವಳಿಗೆ ಖಂಡಿತ ಕೇಳಿಸುತ್ತಿತ್ತು. ಅದಕ್ಕೇ ಕರೆಯಲಿಲ್ಲ. ಆ ತಿಂಗಳೇ ಕೆಲಸ ಬಿಟ್ಟೆ.

ಸಹಕಾರನಗರದ ತಾರಸಿಯಿಂದ ಇಳಿದವನು ಅಂಗಡಿಗೆ ವಾಪಸ್ ಹೋಗಲಿಲ್ಲ. ಬೈಕು ಪುಟ್ಟೇನಹಳ್ಳಿಯ ಕಡೆ ತಿರುಗಿಸಿದೆ. ಯಾರ್ಡ್ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು. ಹಳೆಯ ಊರಿನ ಓಣಿ ಮಾತ್ರ ಹಾಗೇ ಇತ್ತು. ಅಕ್ಕಯ್ಯಮ್ಮನ ಮನೆ ತೋರಿಸಲು ಯಾರೂ ಯೋಚಿಸಬೇಕಾಗಲಿಲ್ಲ. "ಕಿವುಡಜ್ಜಿ ಮನೆನಾ?" ಎಂದರು. ಆ ಹೆಸರು ನಾನು ಇಟ್ಟದ್ದು.

ಅವಳು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬಡಕಲಾಗಿದ್ದಳು. ಸೊಸೆ ಮಂಜುಳಾ ಬಾಗಿಲಿಗೆ ಬಂದಳು. ಯಾರ್ಡಿನವನೆಂದು ಹೇಳಿದೆ. ಗುರುತು ಹಿಡಿದು ಕೂರಲು ಚಾಪೆ ಹಾಕಿದಳು.

"ಕರೆದ್ರೂ ತಿರುಗಲ್ಲ ಇವ್ರು," ಎಂದಳು. "ಡಾಕ್ಟ್ರ ಅತ್ರ ಕರ್ಕಂಡೋಗಿದ್ವಿ. ಬಲಗಿವಿಗೆ ಏನೂ ಆಗಿಲ್ಲ, ಚೆನ್ನಾಗೈತೆ ಅಂದ್ರು. ನಂಬಲ್ಲ. ಕೇಳ್ಸಿದ್ರೂ ಅದು ಸುಳ್ಳು ಸದ್ದು ಅಂತಾರೆ. ಮೂರು ಸಲ ಕೂಗಿದ್ರೂ ಕೇಳ್ದೆ ಓದ ಕಿವಿ ಇದು, ಇದನ್ನ ನಂಬ್ಕಂಡು ಎಲ್ಗೋಗ್ಲಿ ಅಂತಾರೆ."

ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಪಿಳ್ಳಪ್ಪ ಎಲ್ಲಿ ಎಂದು ಕೇಳಿದೆ.

"ಮಾವ ಓಗಿ ನಾಕು ವರ್ಸ ಆಯ್ತು ಸಾರ್. ಮಧ್ಯಾಹ್ನದೊತ್ತು, ಎದೆನೋವು. ಅತ್ತೆ ಇಲ್ಲೇ ಜಗಲಿ ಮೇಲಿದ್ರು. ನಾನು ಇತ್ತಲಲ್ಲಿ ನಲ್ಲಿ ಬಿಟ್ಕಂಡು ಬಟ್ಟೆ ಒಗೀತಿದ್ದೆ, ಆ ಸದ್ದಲ್ಲಿ ನಂಗೊಂದೂ ಕೇಳ್ಸಲ್ಲ. ಒಳಗ್ ಬಂದು ನೋಡೋವಾಗ್ಲೇ ಎಲ್ಲಾ ಮುಗಿದಿತ್ತು."

ನಾನು ಅಕ್ಕಯ್ಯಮ್ಮನ ಬಲಗಡೆ ಹೋಗಿ ಕೂತೆ. ಅವಳು ನನ್ನ ಮುಖ ನೋಡಿದಳು, ಗುರುತು ಸಿಕ್ಕಿತು, ನಕ್ಕಳು. "ನಾಗಪ್ಪ ಅಲ್ವಾ? ಏನ್ ಸಮಾಚಾರಪ್ಪ? ಮದ್ವೆ ಆಯ್ತಾ?"

"ಅಮ್ಮ, ಅವತ್ತು ನಾನು ಕೂಗ್ಲಿಲ್ಲ," ಎಂದೆ.

ಅವಳು ಕಿವಿ ಮುಟ್ಟಿ ಕೈಯಾಡಿಸಿದಳು. "ಕೇಳ್ಸಾಕಿಲ್ಲ ಕಣಪ್ಪ ನಂಗೆ."

ಇನ್ನೂ ಗಟ್ಟಿಯಾಗಿ ಹೇಳಿದೆ. ಅವಳು ಮತ್ತೆ ಕೈಯಾಡಿಸಿದಳು. ಆಗ ನನಗೆ ಏನಾಯಿತೋ, ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ. "ಅವತ್ತು ನಾನು ಕೂಗ್ಲೇ ಇಲ್ಲ ಅಮ್ಮ! ಸುಮ್ನೆ ಗೀಟು ಎಳೆದೆ! ಸುಳ್ಳು ಹೇಳ್ದೆ! ನಿನ್ ಕಿವೀಗೆ ಏನೂ ಆಗಿಲ್ಲ!" ಎದುರು ಮನೆಯವರು ಹೊರಬಂದರು. ಓಣಿಯ ತುದಿಯಲ್ಲಿ ಆಡುತ್ತಿದ್ದ ಮಕ್ಕಳು ನಿಂತು ನೋಡಿದರು. ಏಳು ವರ್ಷ ಎದೆಯೊಳಗೆ ಬಚ್ಚಿಟ್ಟದ್ದನ್ನು ಇಡೀ ಬೀದಿಗೆ ಕೇಳುವಂತೆ ಹೇಳಿದ್ದೆ. ನನಗೆ ನಾಚಿಕೆಯಾಗಲಿಲ್ಲ. ಭಾರ ಇಳಿದಂತೆ ಅನ್ನಿಸಿತು, ಆ ಒಂದು ಗಳಿಗೆ.

ಅಕ್ಕಯ್ಯಮ್ಮನ ಕೈಯಲ್ಲಿದ್ದ ಹುಣಸೆಹಣ್ಣು ಮೊರಕ್ಕೆ ಬಿತ್ತು. ಅವಳಿಗೆ ಕೇಳಿಸಿತ್ತು. ಈಗ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಹೊಡೆಯಲಿ ಎಂದೇ ತಲೆ ತಗ್ಗಿಸಿದೆ. ಆದರೆ ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ. ಮನೆಯೊಳಗೆ, ಮಬ್ಬುಗತ್ತಲಿದ್ದ ಕೋಣೆಯ ಕಡೆ ನೋಡುತ್ತಿದ್ದಳು.

"ಅಂಗಾರೆ," ಎಂದಳು ನಿಧಾನವಾಗಿ, "ಯಜಮಾನ್ರು ಓದ ದಿನ ಕೂಗಿದ್ದು ದಿಟಾನಾ?"

ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಒಳಗಿಂದ ಅಕ್ಕಯ್ಯಾ ಅಂತ ಕೂಗ್ದಂಗಾಯ್ತು. ಎಲ್ಡು ಸಲ. ಕಿವಿ ಸುಳ್ಳು ಏಳ್ತೈತೆ ಅಂದ್ಕಂಡೆ. ಎದ್ದೋಗ್ಲೇ ಇಲ್ಲ ನಾನು. ಇಲ್ಲೇ ಕುಂತಿದ್ದೆ, ಇದೇ ಜಾಗ್ದಲ್ಲಿ." ಅವಳು ಕೂತಿದ್ದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದಳು. "ಏಳಪ್ಪ ನಾಗಪ್ಪ, ಕಿವಿ ಸರಿಯಿದ್ರೆ ಅವ್ರು ಕೂಗಿದ್ದು ದಿಟಾನೇ ಅಲ್ವಾ?"

ಮಂಜುಳಾ ಹೊಸ್ತಿಲು ದಾಟಿ ಬಂದು ಅತ್ತೆಯ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಅತ್ತೆಯ ಬಲಗಿವಿಗೆ ಬಾಯಿಟ್ಟು ಬಿಡಿಸಿ ಬಿಡಿಸಿ ಹೇಳಿದಳು. "ಇಲ್ಲ ಕಣತ್ತೆ. ನಾನು ಇತ್ತಲಲ್ಲೇ ಇರ್ಲಿಲ್ವಾ? ಮಾವ ಕೂಗಿದ್ರೆ ನಂಗ್ ಕೇಳ್ಸ್ತಿತ್ತು. ಯಾರೂ ಕೂಗ್ಲಿಲ್ಲ."

ಅಕ್ಕಯ್ಯಮ್ಮ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಆ ಕಣ್ಣುಗಳಲ್ಲಿದ್ದ ಬೇಡಿಕೆಯನ್ನು ನಾನು ಸಾಯುವವರೆಗೆ ಮರೆಯಲಾರೆ.

"ಅಂಗಿದ್ರೆ ಕಿವೀದೇ ತಪ್ಪು," ಎಂದಳು. "ನೀನು ಕೂಗಿರ್ತೀಯ ಕಣಪ್ಪ. ನಂಗೇ ಕೇಳ್ಸಿರಾಕಿಲ್ಲ. ಅಲ್ವಾ?"

ಮಂಜುಳಾ ಅತ್ತೆಯ ತಲೆಯ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು.

"ಹೂಂ ಅಮ್ಮ, ಕೂಗಿದ್ದೆ," ಎಂದೆ. "ಮೂರು ಸಲ."